ಸ್ವಲ್ಪ ನೀರು, ಶುಭ್ರ ಬಟ್ಟೆ

ಮೇಲಿನಿಂದ ಬಟ್ಟೆ ತುಂಬುವ ವಾಷಿಂಗ್ ಮೆಷೀನನ್ನು ಹಲವು ವರ್ಷ ಬಳಸಿದ ಮನೆಗೆ, ಮುಂದುಗಡೆ ಬಾಗಿಲುಳ್ಳ ಯಂತ್ರವೊಂದು ಬಂದಿತೆನ್ನೋಣ. ಮನೆಯವರೆಲ್ಲ ಅದರ ಗಾಜಿನ ಬಾಗಿಲಿನೆದುರು ಕುಳಿತು ನೋಡುತ್ತಾರೆ. ನೀರು ತಳದಲ್ಲಿ ಮಾತ್ರ ಕಾಣುತ್ತದೆ, ನೊರೆಯೂ ಅಷ್ಟಕ್ಕಷ್ಟೆ. ಒಂದು ಗಂಟೆ ಕಳೆದರೂ ಕೆಲಸ ಮುಗಿಯುವುದಿಲ್ಲ. “ಇಷ್ಟು ನೀರಿನಲ್ಲಿ ಕೊಳೆ ಹೋದೀತೆ?” ಎಂದು ಅಜ್ಜಿ ಕೇಳುತ್ತಾರೆ. ಮರುದಿನ ಯಾರೋ ಒಬ್ಬರು ಸೋಪಿನ ಪುಡಿಯನ್ನು ಎರಡು ಚಮಚ ಹೆಚ್ಚಾಗಿಯೇ ಸುರಿಯುತ್ತಾರೆ. ಬಟ್ಟೆ ಇನ್ನಷ್ಟು ಶುಭ್ರವಾಗುವುದಕ್ಕೆ ಬದಲು ಅಂಟಂಟಾಗಿ ಹೊರಬರುತ್ತದೆ. ಅಜ್ಜಿಯ ಪ್ರಶ್ನೆ ನ್ಯಾಯವಾದುದೇ. ಆದರೆ ಪುಡಿ ಸುರಿಯುವುದು ಅದಕ್ಕೆ ಉತ್ತರವಲ್ಲ. ಸರಿಯಾದ ಉತ್ತರ ಯಾವುದೆಂಬುದನ್ನು ವಿಚಾರಿಸೋಣ.

ನಾಲ್ಕು ಸಾಧನಗಳು

ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ ಎಂಬವರು 1959ರಲ್ಲಿ, ಶುಚಿಗೊಳಿಸುವ ಕ್ರಿಯೆಯನ್ನು ನಾಲ್ಕು ಭಾಗಗಳುಳ್ಳ ಒಂದು ವೃತ್ತದಂತೆ ನಿರೂಪಿಸಿದರು. ಮಾರ್ಜಕದ ರಾಸಾಯನಿಕ ಕ್ರಿಯೆ, ಯಾಂತ್ರಿಕವಾದ ತಿಕ್ಕಾಟ, ಉಷ್ಣತೆ ಮತ್ತು ಕಾಲ, ಇವೇ ಆ ನಾಲ್ಕು. ಒಂದು ಕುಗ್ಗಿದರೆ ಮತ್ತೊಂದನ್ನು ಹಿಗ್ಗಿಸಿ ಸರಿದೂಗಿಸಬೇಕು. ನೀರು ಇವೆಲ್ಲಕ್ಕೂ ವಾಹಕ ಮಾತ್ರ. ನೀರು ಕಡಿಮೆಯಾದಷ್ಟೂ ಅದರಲ್ಲಿ ಕರಗಿದ ಮಾರ್ಜಕದ ಸಾಂದ್ರತೆ ಹೆಚ್ಚುತ್ತದೆ. ಮುಂಬಾಗಿಲಿನ ಯಂತ್ರವು ನೀರನ್ನು ಉಳಿಸಿ, ಕಾಲವನ್ನು ಧಾರಾಳವಾಗಿ ವ್ಯಯಮಾಡುತ್ತದೆ. ಆದುದರಿಂದ ಅದರ ನಿಧಾನಗತಿಯು ದೋಷವಲ್ಲ.

ಒಗೆಯುವ ಕಲ್ಲಿನ ತತ್ವ

ಹಳೆಯ ಯಂತ್ರದಲ್ಲಿ ಬಟ್ಟೆಗಳು ನೀರಿನಲ್ಲಿ ಮುಳುಗಿ, ತಳದ ಚಕ್ರದ ತಿರುಗಾಟಕ್ಕೆ ಸಿಕ್ಕಿ ಸುತ್ತುತ್ತವೆ. ಹೊಸತರಲ್ಲಿ ಡ್ರಮ್ಮು ಅಡ್ಡವಾಗಿ ಮಲಗಿರುತ್ತದೆ. ಅದರ ಒಳಮೈಯ ದಿಂಡುಗಳು ನೆನೆದ ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಕ್ಕೆ ಕೆಡವುತ್ತವೆ. ನಮ್ಮ ಮಡಿವಾಳರು ಹೊಳೆಯ ದಂಡೆಯಲ್ಲಿ ಬಟ್ಟೆಯನ್ನೆತ್ತಿ ಕಲ್ಲಿಗೆ ಬಡಿಯುವುದೂ ಇದೇ ತತ್ವದ ಮೇಲೆ.

ಡ್ರಮ್ಮು ಯಾವ ವೇಗದಲ್ಲಿ ತಿರುಗಬೇಕು? ಅತಿ ವೇಗವಾದರೆ ಬಟ್ಟೆಯು ಬೀಳದೆ ಗೋಡೆಗಂಟಿಕೊಂಡೇ ಸುತ್ತುತ್ತದೆ. ತ್ರಿಜ್ಯ 25 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದ ಮೊತ್ತವು ಗುರುತ್ವದ ವೇಗೋತ್ಕರ್ಷಕ್ಕೆ ಸಮನಾದಾಗ ಈ ಎಲ್ಲೆ ಮುಟ್ಟುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 60 ಸುತ್ತುಗಳೆಂದು ದೊರೆಯುವುದು. ಒಗೆಯುವಾಗ ಯಂತ್ರವು ಇದಕ್ಕಿಂತ ತುಸು ಕಡಿಮೆ ವೇಗದಲ್ಲಿಯೇ ತಿರುಗಲು ಕಾರಣವಿದು. ಹಿಂಡುವಾಗಲಾದರೋ ವೇಗವು 1000 ಸುತ್ತುಗಳಿಗೇರಿದರೆ, ಗೋಡೆಯ ಬಳಿಯ ವೇಗೋತ್ಕರ್ಷವು ಗುರುತ್ವದ ಸುಮಾರು 280 ಪಟ್ಟಾಗುತ್ತದೆ; ನೀರು ರಂಧ್ರಗಳ ಮೂಲಕ ಹೊರಕ್ಕೆ ಸಿಡಿಯುತ್ತದೆ.

ಡ್ರಮ್ಮನ್ನು ಬಾಯಿಮಟ್ಟ ತುಂಬಿದರೆ ಬಟ್ಟೆಗೆ ಬೀಳಲು ಎಡೆಯೇ ಇರದು. ಮೇಲೆ ಅಂಗೈ ತೂರಿಸುವಷ್ಟು ಜಾಗವನ್ನಾದರೂ ಬಿಡಬೇಕು.

ನೊರೆಯ ಭ್ರಮೆ

ಮಾರ್ಜಕದ ಅಣುವಿನ ಒಂದು ತುದಿಗೆ ನೀರು ಪ್ರಿಯ. ಇನ್ನೊಂದಕ್ಕೆ ಜಿಡ್ಡು ಪ್ರಿಯ. ಇಂಥ ಅಣುಗಳು ಜಿಡ್ಡಿನ ಕಣವನ್ನು ಸುತ್ತುವರಿದು ನೀರಿಗೆಳೆಯುತ್ತವೆ. ಕೊಳೆ ಹೋಗುವುದು ಇದರಿಂದ. ನೊರೆ ಕೇವಲ ಗಾಳಿಯ ಗುಳ್ಳೆ. ಮುಂಬಾಗಿಲಿನ ಯಂತ್ರದಲ್ಲಂತೂ ಅದು ಶತ್ರುವೇ ಸರಿ. ಬೀಳುವ ಬಟ್ಟೆಗೆ ನೊರೆಯು ದಿಂಬಿನಂತೆ ಒದಗಿ ಪೆಟ್ಟನ್ನು ಮೆತ್ತಗಾಗಿಸುತ್ತದೆ. ಈ ಯಂತ್ರಗಳಿಗೆಂದೇ ಕಡಿಮೆ ನೊರೆಯ ಪುಡಿಯನ್ನು ತಯಾರಿಸುವುದು ಇದಕ್ಕಾಗಿ. ಪುಡಿಯ ಅಳತೆಯನ್ನು ಬಟ್ಟೆಯ ತೂಕ, ಕೊಳೆ ಮತ್ತು ನೀರಿನ ಗಡಸುತನ ನೋಡಿ ನಿರ್ಧರಿಸಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಮಾರ್ಜಕದ ಶಕ್ತಿಯನ್ನು ಕುಂದಿಸುವುದರಿಂದ, ಅಂಥ ಕೊಳವೆಬಾವಿಯ ನೀರಿಗೆ ಮೆದು ನೀರಿಗಿಂತ ಸ್ವಲ್ಪ ಹೆಚ್ಚು ಪುಡಿ ಬೇಕಾದೀತು.

ಜಾಲಿಸುವ ಲೆಕ್ಕ

ಅಜ್ಜಿಯ ಸಂಶಯಕ್ಕೆ ಮುಖ್ಯ ಸಮಾಧಾನ ಇಲ್ಲಿದೆ. ಹಿಂಡಿದ ಬಟ್ಟೆಯಲ್ಲಿ 5 ಲೀಟರ್ ಸೋಪಿನ ನೀರು ಉಳಿದಿದೆ. ಜಾಲಿಸಲು 40 ಲೀಟರ್ ಶುದ್ಧ ನೀರಿದೆ. ಒಂದೇ ಸಲ ಎಲ್ಲವನ್ನೂ ಬೆರೆಸಿ ಪುನಃ ಅಷ್ಟೇ ಹಿಂಡಿದರೆ, ಸೋಪು ಮೊದಲಿನ 45ರಲ್ಲಿ 5 ಪಾಲು, ಎಂದರೆ 9ರಲ್ಲಿ 1 ಪಾಲು ಉಳಿಯುತ್ತದೆ. 20 ಲೀಟರಿನಂತೆ ಎರಡು ಸಲ ಮಾಡಿದರೆ 25ರಲ್ಲಿ 1 ಪಾಲು. 10 ಲೀಟರಿನಂತೆ ನಾಲ್ಕು ಸಲ ಮಾಡಿದರೋ, 81ರಲ್ಲಿ 1 ಪಾಲು ಮಾತ್ರ! ನೀರು ಅಷ್ಟೇ, ಫಲ ಒಂಬತ್ತು ಪಟ್ಟು. ಪ್ರಯೋಗಶಾಲೆಯಲ್ಲಿ ಸೋಸುಕಾಗದದ ಮೇಲಿನ ಒತ್ತರವನ್ನು ಸ್ವಲ್ಪ ಸ್ವಲ್ಪ ನೀರಿನಿಂದ ಹಲವು ಬಾರಿ ತೊಳೆಯುವ ವಿದ್ಯಾರ್ಥಿಗೆ ಈ ನಿಯಮ ಹೊಸದಲ್ಲ.

ಉಷ್ಣತೆ ಮತ್ತು ಕಿಣ್ವ

15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ವಿದ್ಯುತ್ತು ಬೇಕು. 60 ಲೀಟರಿಗೆ ಅದರ ನಾಲ್ಕರಷ್ಟು. ನೀರು ಕಡಿಮೆಯಾದಾಗ ಬಿಸಿನೀರೂ ಅಗ್ಗವಾಗುತ್ತದೆ. 1913ರಲ್ಲಿ ಜರ್ಮನಿಯ ಓಟ್ಟೊ ರೋಮ್ ಎಂಬವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ಒಗೆತಕ್ಕೆ ಬಳಸುವ ಕ್ರಮಕ್ಕೆ ಪೇಟೆಂಟ್ ಪಡೆದರು. ಇಂದಿನ ಅನೇಕ ಪುಡಿಗಳಲ್ಲಿ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವಗಳಿವೆ. ಇವು ಹಾಲು, ರಕ್ತ, ಗಂಜಿಗಳ ಕಲೆಯನ್ನು ತುಂಡುತುಂಡು ಮಾಡುತ್ತವೆ. ಆದರೆ ಅದಕ್ಕೆ ಕಾಲಾವಕಾಶ ಬೇಕು. ರಕ್ತದ ಕಲೆಗೆ ಮೊದಲೇ ಬಿಸಿನೀರು ತಾಗಿದರೆ ಪ್ರೋಟೀನು ಹೆಪ್ಪುಗಟ್ಟಿ ನೂಲನ್ನು ಹಿಡಿಯುತ್ತದೆ. ಅದನ್ನು ತಣ್ಣೀರಿನಲ್ಲಿ ನೆನೆಸುವುದು ಲೇಸು. ಅರಿಸಿನದ ಕಲೆಯು ಕ್ಷಾರದಿಂದ ಕೆಂಪಾದರೆ ಯಂತ್ರವನ್ನು ದೂರಬೇಡಿ. ಬಿಸಿಲಿಗೆ ಹರವಿದರೆ ಅದು ಮಾಸುತ್ತದೆ.

ನೀವೇ ಪರೀಕ್ಷಿಸಿ

ಯಂತ್ರದಿಂದ ತೆಗೆದ ಟವಲನ್ನು ಒಂದು ಬಕೆಟ್ ಶುದ್ಧ ನೀರಿನಲ್ಲಿ ಚೆನ್ನಾಗಿ ಅಲುಗಾಡಿಸಿ. ನೊರೆಯೆದ್ದರೆ ಪುಡಿ ಹೆಚ್ಚಾಗಿದೆಯೆಂದು ತಿಳಿಯಿರಿ. ಮುಂದಿನ ಬಾರಿ ಕಾಲು ಭಾಗ ಕಡಿಮೆ ಮಾಡಿ ಪುನಃ ನೋಡಿರಿ. ಸದಾ ತಣ್ಣೀರಿನಲ್ಲೇ ಒಗೆದರೆ ಬಾಗಿಲಿನ ರಬ್ಬರಿನ ಮಡಿಕೆಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆದು ದುರ್ಗಂಧ ಹುಟ್ಟುವುದುಂಟು. ಒಗೆದ ಮೇಲೆ ಮಡಿಕೆಗಳನ್ನು ಒರಸಿ ಬಾಗಿಲನ್ನು ತೆರೆದಿಡಿ. ಆಗಾಗ ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಒಮ್ಮೆ ಓಡಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅವರು ಒಳಹೊಕ್ಕದಂತೆ ಎಚ್ಚರವಿರಲಿ.

2024ರ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳ ಜನರು ಟ್ಯಾಂಕರಿನ ಹಾದಿ ಕಾಯಬೇಕಾಯಿತು. ಅಂಥ ದಿನಗಳಲ್ಲಿ ಒಂದೊಂದು ಬಕೆಟ್ಟಿಗೂ ಬೆಲೆಯಿದೆ. ಯಂತ್ರವು ನೀರನ್ನು ಉಳಿಸಬಲ್ಲುದು, ನಾವು ಅದರ ರೀತಿಯನ್ನು ಅರಿತು ನಡೆದರೆ ಮಾತ್ರ. ಪುಡಿ ಹೆಚ್ಚು ಹಾಕಿ ಎರಡೆರಡು ಬಾರಿ ಜಾಲಿಸಿದರೆ ಉಳಿದ ನೀರು ಚರಂಡಿಯ ಪಾಲು. ಅಜ್ಜಿಗೆ ಈ ಜಾಲಿಸುವ ಲೆಕ್ಕವನ್ನು ಒಮ್ಮೆ ವಿವರಿಸಿ. ಒಂದೇ ಕೊಡದ ನೀರಿನಲ್ಲಿ ಮೂರು ಸಲ ಜಾಲಿಸಿ ಬಟ್ಟೆ ಒಣಹಾಕಿದ ದಿನಗಳು ಅವರಿಗೆ ನೆನಪಾದಾವು. ಲೆಕ್ಕವನ್ನು ಬರೆಯದೆಯೇ ಅವರು ಅದನ್ನು ಬಲ್ಲರು.