ರಾಜಕಾಲುವೆಯ ಅಂಚೂ ನಿವೇಶನದ ಗಡಿಯೂ

ಕಳೆದ ಮಳೆಗಾಲದ ಒಂದು ಸಂಜೆ ನಿವೃತ್ತರಾದ ಹಿರಿಯರೊಬ್ಬರು ಮಡಿಸಿದ ನಕ್ಷೆಯೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಅವರಿಗೆ ಮೂವತ್ತಕ್ಕೆ ನಲವತ್ತು ಅಡಿಯ ಒಂದು ನಿವೇಶನವಿದೆ. ಮೂವತ್ತು ವರ್ಷಗಳ ಹಿಂದೆಯೇ ಅಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ಮಗನಿಗಾಗಿ ಮೇಲೊಂದು ಅಂತಸ್ತು ಕಟ್ಟಲು ಹೊರಟಾಗ, ಮನೆಯು ರಾಜಕಾಲುವೆಯ ಮೀಸಲು ಪಟ್ಟಿಯೊಳಗೆ ಬರುತ್ತದೆಂದು ತಿಳಿಸಿ ಅನುಮತಿಯನ್ನು ನಿರಾಕರಿಸಲಾಯಿತಂತೆ. “ಮೇಷ್ಟ್ರೇ, ಇಷ್ಟು ವರ್ಷ ಕಂದಾಯ ಕಟ್ಟಿದ್ದೇನೆ. ನನ್ನ ಹೊಸ್ತಿಲಿಗೆ ಒಂದು ಹನಿ ಹೊಳೆನೀರು ಬಂದದ್ದಿಲ್ಲ. ನಿಮ್ಮ ವಿಜ್ಞಾನ ಇದಕ್ಕೇನು ಹೇಳುತ್ತದೆ?” ಎಂದು ಕೇಳಿದರು. ಪ್ರಶ್ನೆಯು ನ್ಯಾಯಶಾಸ್ತ್ರದ್ದೆಂದು ಹೇಳಿ ನಾವು ಜಾರಿಕೊಳ್ಳಬಹುದಾಗಿತ್ತು. ಆದರೆ ಅದರ ಅರ್ಧಭಾಗ ಭೌತವಿಜ್ಞಾನಕ್ಕೆ ಸೇರಿದ್ದು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ನಗರ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ದಿಣ್ಣೆಯ ಮೇಲೆ ಬಿದ್ದ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಎಂಬ ಕಣಿವೆಗಳಲ್ಲಿ ಇಳಿದು, ಒಂದು ಪಾಲು ಅರ್ಕಾವತಿಯ ಮೂಲಕ ಕಾವೇರಿಗೂ ಉಳಿದದ್ದು ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಹಿಂದಿನವರು ಈ ಇಳಿಜಾರಿನಲ್ಲಿ ಏರಿಗಳನ್ನು ಕಟ್ಟಿ, ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಹೋಗುವಂತೆ ಸಾಲುಗೆರೆಗಳನ್ನು ನಿರ್ಮಿಸಿದರು. ಕೆರೆಯಿಂದ ಕೆರೆಗೆ ನೀರೊಯ್ಯುವ ದಾರಿಯೇ ರಾಜಕಾಲುವೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ ಬಂದಿತು, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ ಬಂದಿತು. ಆದರೆ ಇಳಿಜಾರು ಮಾತ್ರ ಎಲ್ಲಿಗೂ ಹೋಗಲಿಲ್ಲ.

2007ರಲ್ಲಿ ಒಪ್ಪಿಗೆ ಪಡೆದ ನಗರದ ಮಹಾಯೋಜನೆಯು ಕೆರೆಗಳ ಸುತ್ತ 30 ಮೀಟರ್ ಅಗಲದ ಪಟ್ಟಿಯನ್ನು ಕಟ್ಟಡರಹಿತವಾಗಿ ಮೀಸಲಿಟ್ಟಿತು. ಪತ್ರಿಕೆಗಳು ಬಫರ್ ವಲಯವೆಂದು ಕರೆಯುವುದು ಇದನ್ನೇ. ರಾಜಕಾಲುವೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಕಾಲುವೆಯ ನಡುಗೆರೆಯಿಂದ ಎರಡೂ ಕಡೆ ಕ್ರಮವಾಗಿ 50, 25 ಮತ್ತು 15 ಮೀಟರ್ ಬಿಡಬೇಕೆಂದು ವಿಧಿಸಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಯ ಪಟ್ಟಿಯನ್ನು 75 ಮೀಟರಿಗೆ ಏರಿಸಿತು. ಕಾಲುವೆಗಳಿಗೆ 50, 35, 25 ಮೀಟರ್‌ಗಳನ್ನು ಗೊತ್ತುಮಾಡಿ, ಅಳತೆಯನ್ನು ನಡುಗೆರೆಗೆ ಬದಲಾಗಿ ಅಂಚಿನಿಂದ ಹಿಡಿಯಬೇಕೆಂದಿತು. ಅಂಚು, ನಡುಗೆರೆ ಎಂಬ ಭೇದ ಕೇಳಲು ಅಲ್ಪ. ಆದರೆ 2 ಮೀಟರ್ ಅಗಲದ ಚಿಕ್ಕ ಕಾಲುವೆಯೊಂದನ್ನು ತೆಗೆದುಕೊಂಡರೆ, ನಡುವಿನಿಂದ 15 ಮೀಟರ್ ಇದ್ದ ಗೆರೆ 26 ಮೀಟರಿಗೆ ಸರಿಯುತ್ತದೆ. ಹೆಚ್ಚಿದ 11 ಮೀಟರ್ ಎಂದರೆ 36 ಅಡಿ. ಪ್ರತಿ ದಂಡೆಯಲ್ಲಿ ಹೆಚ್ಚುಕಡಮೆ ಒಂದು ಸಾಲು ನಿವೇಶನಗಳೇ ಗೆರೆಯೊಳಗೆ ಬಂದಂತಾಯಿತು. ನಿವೇಶನದಾರರು, ಕಟ್ಟಡ ನಿರ್ಮಿಸುವವರು ಬಲವಾಗಿ ವಿರೋಧಿಸಿದರು. ರಾಜ್ಯ ಸರ್ಕಾರವೂ ಮೇಲ್ಮನವಿ ಸಲ್ಲಿಸಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು, ಶಾಸನಬದ್ಧವಾದ ಮಹಾಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು ಹೇಳಿ ಆ ನಿರ್ದೇಶನವನ್ನು ರದ್ದುಪಡಿಸಿತು. ಅಲ್ಲಿ ತೀರ್ಮಾನವಾದುದು ಅಧಿಕಾರದ ಪ್ರಶ್ನೆ. ಪಟ್ಟಿಯ ಅಗಲ ಎಷ್ಟಿದ್ದರೆ ಸರಿಯೆಂಬುದು ಬೇರೆಯೇ ಪ್ರಶ್ನೆ.

ಈಗ ನೀರಿನ ಲೆಕ್ಕಕ್ಕೆ ಬರೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಘನಮೀಟರ್, ಅಂದರೆ ಹತ್ತು ಸಾವಿರ ಲೀಟರ್ ನೀರು. ಒಂದು ಕಾಲುವೆಗೆ 200 ಹೆಕ್ಟೇರು ಜಲಾನಯನ ಪ್ರದೇಶವಿದೆಯೆಂದೂ, ಗಂಟೆಗೆ 60 ಮಿಲಿಮೀಟರಿನಂತೆ ಮಳೆ ಸುರಿಯುತ್ತಿದೆಯೆಂದೂ ಇಟ್ಟುಕೊಳ್ಳೋಣ. ಗುಣಿಸಿದರೆ ಸೆಕೆಂಡಿಗೆ ಸುಮಾರು 33 ಘನಮೀಟರ್ ನೀರು ಬೀಳುತ್ತದೆ. ಹೊಲ, ತೋಪುಗಳಿದ್ದ ಕಾಲದಲ್ಲಿ ಇದರ ಹತ್ತರಲ್ಲಿ ಮೂರು ಭಾಗ ಮಾತ್ರ ಹರಿದು, ಉಳಿದದ್ದು ನೆಲದಲ್ಲಿ ಇಂಗುತ್ತಿತ್ತೆನ್ನೋಣ. ಆಗ ಕಾಲುವೆಗೆ ಸೆಕೆಂಡಿಗೆ 10 ಘನಮೀಟರ್ ಬರುತ್ತದೆ. ಅದೇ ನೆಲ ಛಾವಣಿ, ಡಾಂಬರು, ಕಾಂಕ್ರೀಟುಗಳಿಂದ ಮುಚ್ಚಿದರೆ ಹತ್ತರಲ್ಲಿ ಒಂಬತ್ತು ಭಾಗ, ಅಂದರೆ 30 ಘನಮೀಟರ್. ಮೋಡ ಅದೇ, ಮಳೆ ಅದೇ; ಪ್ರವಾಹ ಮಾತ್ರ ಮೂರು ಪಟ್ಟು. ಅದಲ್ಲದೆ ಗಟ್ಟಿ ನೆಲದ ಮೇಲೆ ನೀರು ಬೇಗ ಓಡುವುದರಿಂದ, ಹಿಂದೆ ಗಂಟೆಗಟ್ಟಲೆ ಹಂಚಿ ಬರುತ್ತಿದ್ದುದು ಈಗ ಒಮ್ಮೆಗೇ ಬಂದು ಬೀಳುತ್ತದೆ.

6 ಮೀಟರ್ ಅಗಲ, 2 ಮೀಟರ್ ಆಳದ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸಾಗಿದರೆ ಅದು 12 ಘನಮೀಟರನ್ನು ಒಯ್ಯಬಲ್ಲದು. ಹಳೆಯ ಹತ್ತಕ್ಕೆ ಸಾಕಾಗಿತ್ತು. ಹೊಸ ಮೂವತ್ತಕ್ಕೆ ಸಾಲದು. ಇನ್ನು ಎರಡೂ ಕಡೆಯಿಂದ ಗೋಡೆಗಳು ಮುಂದೊತ್ತಿ ಅಗಲ 3 ಮೀಟರಾಯಿತೆನ್ನೋಣ. ಅಗಲ ಅರ್ಧವಾದರೆ ಸಾಮರ್ಥ್ಯವೂ ಅರ್ಧವಾಗುತ್ತದೆಂದು ತೋರುವುದು ಸಹಜ. ವಸ್ತುತಃ ಅದಕ್ಕಿಂತಲೂ ಕಡಮೆಯಾಗುತ್ತದೆ. ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮುಂದಿಟ್ಟ ಸೂತ್ರದಂತೆ, ಕಾಲುವೆಯಲ್ಲಿನ ವೇಗವು ನೀರಿನ ಅಡ್ಡಕೊಯ್ತಕ್ಕೂ ಅದು ತಾಗುವ ತಳ-ಗೋಡೆಗಳ ಉದ್ದಕ್ಕೂ ಇರುವ ಅನುಪಾತವನ್ನು ಅವಲಂಬಿಸುತ್ತದೆ. ಕಾಲುವೆ ಕಿರಿದಾದಷ್ಟೂ ಗೋಡೆಗಳ ಘರ್ಷಣೆಯ ಪಾಲು ಹೆಚ್ಚುತ್ತದೆ. ಈ ಉದಾಹರಣೆಯಲ್ಲಿ ಅನುಪಾತವು 1.2ರಿಂದ 0.86ಕ್ಕೆ ಇಳಿದು, ವೇಗ ಮೊದಲಿನ ಐದರಲ್ಲಿ ನಾಲ್ಕು ಭಾಗವಾಗುತ್ತದೆ. ಒಟ್ಟು ಸಾಮರ್ಥ್ಯ 12ರಿಂದ 4.8 ಘನಮೀಟರಿಗೆ, ಅಂದರೆ ನೂರಕ್ಕೆ ನಲವತ್ತಕ್ಕೆ, ಕುಸಿಯುತ್ತದೆ. 2022ರ ಸೆಪ್ಟೆಂಬರ್ 4ರ ರಾತ್ರಿ ಸುಮಾರು 130 ಮಿಲಿಮೀಟರ್ ಮಳೆ ಬಿದ್ದು, ಬೆಳ್ಳಂದೂರಿನ ಕಡೆಯ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿ ಕರೆತಂದುದು ವಾಚಕರಿಗೆ ನೆನಪಿದ್ದೀತು.

ಮೀಸಲು ಪಟ್ಟಿಯ ಉಪಯೋಗ ಇಲ್ಲಿದೆ. ಉಕ್ಕಿದ ನೀರು ತೆಳ್ಳಗೆ ಹರಡಿಕೊಳ್ಳಲು ಅದು ಎಡೆಗೊಡುತ್ತದೆ. ಹುಲ್ಲು ವೇಗವನ್ನು ತಗ್ಗಿಸಿ ಕೆಸರನ್ನು ಹಿಡಿಯುತ್ತದೆ. ಆದರೆ ಹಿಡಿಯುವುದೆಲ್ಲ ಸಮನಾಗಿಯಲ್ಲ. ಸ್ಟೋಕ್ಸನ ನಿಯಮದಂತೆ, ಹತ್ತು ಪಟ್ಟು ಸಣ್ಣದಾದ ಕಣ ನೂರು ಪಟ್ಟು ನಿಧಾನವಾಗಿ ಮುಳುಗುತ್ತದೆ. ಮರಳು ಮೊದಲ ಕೆಲವು ಮೀಟರುಗಳಲ್ಲೇ ನಿಲ್ಲಬಹುದು. ನಯವಾದ ಮಣ್ಣಿಗೆ ಹೆಚ್ಚು ಅಗಲ ಬೇಕು.

ಹಾಗಾದರೆ ವಿರೋಧಿಸುವವರದು ಬರಿಯ ಸ್ವಾರ್ಥವೆ? ಹಾಗೆನ್ನಲು ನಮಗೆ ಮನಸ್ಸಾಗುವುದಿಲ್ಲ. 200 ಮೀಟರ್ ತ್ರಿಜ್ಯದ ದುಂಡನೆಯ ಕೆರೆಯೊಂದನ್ನು ಕಲ್ಪಿಸಿಕೊಳ್ಳಿ. ಅದರ ವಿಸ್ತೀರ್ಣ ಸುಮಾರು 31 ಎಕರೆ. ಸುತ್ತಲಿನ 30 ಮೀಟರ್ ಪಟ್ಟಿಗೆ 10 ಎಕರೆ ಬೇಕು. 75 ಮೀಟರ್ ಪಟ್ಟಿಗೆ 28 ಎಕರೆ, ಬಹುಮಟ್ಟಿಗೆ ಕೆರೆಯಷ್ಟೇ ನೆಲ! ತ್ರಿಜ್ಯ ಒಂದು ಕಿಲೋಮೀಟರಾದರೆ ಅದೇ 75 ಮೀಟರ್ ಪಟ್ಟಿಯು ಕೆರೆಯ ಆರರಲ್ಲೊಂದು ಭಾಗ ಮಾತ್ರ. ಎಲ್ಲ ಕೆರೆಗಳಿಗೂ ಒಂದೇ ಅಗಲವೆಂದರೆ, ಚಿಕ್ಕ ಕೆರೆಯ ನೆರೆಯವರು ಹೆಚ್ಚಿನ ಭಾರ ಹೊರಬೇಕಾಗುತ್ತದೆ. ನಕ್ಷೆಗೆ ಒಪ್ಪಿಗೆ ಕೊಟ್ಟು, ನೋಂದಣಿ ಮಾಡಿಸಿ, ತೆರಿಗೆ ಪಡೆದು, ಬಳಿಕ ಗೆರೆ ಎಳೆದರೆ ಅದರ ನಷ್ಟವನ್ನೆಲ್ಲ ಒಬ್ಬನೇ ಏಕೆ ತಾಳಬೇಕೆಂಬುದಕ್ಕೆ ಯಾವ ಸೂತ್ರದಲ್ಲಿಯೂ ಉತ್ತರವಿಲ್ಲ. ಗ್ರಾಮನಕ್ಷೆಯಲ್ಲಿ ಬಿ ಖರಾಬು ಎಂದು ಗುರುತಾದ ಕಾಲುವೆಯನ್ನೇ ಒತ್ತಿ ಕಟ್ಟಿದವರ ಮಾತು ಬೇರೆ. ಅವರನ್ನೂ ನಮ್ಮ ಹಿರಿಯರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಲಾಗದು.

ಆದರೂ ಹಿರಿಯರ ಮುಖ್ಯ ವಾದವನ್ನು ನಾವು ಒಪ್ಪಲಿಲ್ಲ. ಯಾವುದೇ ವರ್ಷದಲ್ಲಿ ಬರುವ ಸಂಭವ ಐವತ್ತರಲ್ಲಿ ಒಂದರಷ್ಟಿರುವ ಮಳೆಯು ಮೂವತ್ತು ವರ್ಷ ಸತತವಾಗಿ ಬಾರದಿರುವ ಸಂಭವವೆಷ್ಟು? 0.98ನ್ನು ಮೂವತ್ತು ಬಾರಿ ಗುಣಿಸಿದರೆ 0.55 ಬರುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಮೂವತ್ತು ವರ್ಷಗಳಲ್ಲಿ ಅದನ್ನು ಕಾಣದೆಯೇ ಇರುವರು. ಅಲ್ಲದೆ ಮೂವತ್ತು ವರ್ಷಗಳ ಹಿಂದೆ ಅವರ ಮೇಲ್ಗಡೆ ಇದ್ದುದು ರಾಗಿಯ ಹೊಲ.

ಮರುದಿನ ನಾವು ಇಬ್ಬರು ವಿದ್ಯಾರ್ಥಿಗಳೊಡನೆ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ನಳಿಗೆಯನ್ನೂ ಅಳತೆಯ ಪಟ್ಟಿಯನ್ನೂ ಒಯ್ದೆವು. ಅದು ಎರಡನೆಯ ದರ್ಜೆಯ ಕಾಲುವೆ. ಹಿರಿಯರ ಮನೆ ನಡುಗೆರೆಯಿಂದ 22 ಮೀಟರ್. ನಿಯಮದಂತೆ ಪಟ್ಟಿಯ ಒಳಗೆ. ಹೊಸ್ತಿಲು ದಂಡೆಗಿಂತ 140 ಸೆಂಟಿಮೀಟರ್ ಎತ್ತರದಲ್ಲಿತ್ತು. ಎದುರು ದಂಡೆಯಲ್ಲಿ ಹೊಸದಾಗಿ ಎದ್ದಿರುವ ಮನೆಯೊಂದು 31 ಮೀಟರ್ ದೂರದಲ್ಲಿ, ಪಟ್ಟಿಯ ಹೊರಗೆ; ಅದರ ಹೊಸ್ತಿಲು ದಂಡೆಗಿಂತ 40 ಸೆಂಟಿಮೀಟರ್ ತಗ್ಗು. ಮೀಟರುಗಳಲ್ಲಿ ಎಳೆದ ಗೆರೆಗೆ ಎತ್ತರ ತಗ್ಗುಗಳ ಅರಿವಿಲ್ಲ.

ಹಿರಿಯರು ಈ ಅಳತೆಗಳನ್ನು ಬರೆಸಿಕೊಂಡು, ತಮ್ಮ ಮನವಿಗೆ ಲಗತ್ತಿಸುವೆವೆಂದು ಮಡಿಸಿಟ್ಟುಕೊಂಡರು. ಮೇಲಿನ ಅಂತಸ್ತು ಸಿಕ್ಕೀತೋ ಇಲ್ಲವೋ. ಎದುರು ಮನೆಯವರು ಮೊದಲು ನಕ್ಕರು. ಆಮೇಲೆ, ನಾವು ನಳಿಗೆಯನ್ನು ಸುತ್ತುತ್ತಿದ್ದಾಗ ಹೊರಗೆ ಬಂದು, ತಮ್ಮ ಹಿತ್ತಲಿನ ಮಟ್ಟವನ್ನೂ ಒಮ್ಮೆ ನೋಡಿಕೊಡಲಾದೀತೆ ಎಂದು ಕೇಳಿದರು. ಬರುವ ಭಾನುವಾರ ಹೋಗುವೆವೆಂದು ಹೇಳಿ ಬಂದಿದ್ದೇವೆ.