ಮರದ ದೀಪಸ್ತಂಭ: ಕೈಗೆಲಸದ ಒಂದು ಪಾಠ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 31:1–6, ಮತ್ತಾಯ 5:14–16, ಲೂಕ 14:28–30.

ಈ ಪಾಠದಲ್ಲಿ ನಾವು ಒಂದು ಚಿಕ್ಕ ವಸ್ತುವಿನ ವಿಷಯವಾಗಿ ಹೇಳಬೇಕೆಂದಿದ್ದೇವೆ. ಅದು ಯಾವದಂದರೆ, ಶಾಲೆಯ ಕೈಗೆಲಸದ ಕೋಣೆಯಲ್ಲಿ ಹುಡುಗರೂ ಹುಡುಗಿಯರೂ ಮಾಡಬಹುದಾದ, ಮೇಣದ ಬತ್ತಿಯನ್ನು ನಿಲ್ಲಿಸುವ ಮರದ ದೀಪಸ್ತಂಭ. ಈಗ ಹಳ್ಳಿಗಳಿಗೆ ವಿದ್ಯುದ್ದೀಪವು ಬಂದಿರುವದು ನಿಜವೇ. ಆದರೂ ಮಳೆಗಾಲದ ಗಾಳಿಗೆ ಮರ ಬಿದ್ದು ತಂತಿ ಕಡಿದ ರಾತ್ರಿಗಳಲ್ಲಿ ಮೇಣದ ಬತ್ತಿಯ ಹೊರತು ಗತಿಯಿಲ್ಲ. ಆಗ ಅನೇಕರು ಬೋರಲು ಹಾಕಿದ ಲೋಟದ ಮೇಲಾಗಲಿ ತೆಂಗಿನ ಚಿಪ್ಪಿನಲ್ಲಾಗಲಿ ಮೇಣವನ್ನು ತೊಟ್ಟಿಕ್ಕಿಸಿ ಬತ್ತಿಯನ್ನು ಅಂಟಿಸುತ್ತಾರೆ. ಅದು ವಾಲಿ ಬಿದ್ದರೆ ಚಾಪೆಗೂ ಬಟ್ಟೆಗೂ ಮಲಗಿರುವ ಮಗುವಿಗೂ ಅಪಾಯವಾಗುವದು. ಒಳ್ಳೇ ದೀಪಸ್ತಂಭವಿದ್ದರೆ ಆ ಭಯವು ಬಹುಮಟ್ಟಿಗೆ ತಪ್ಪುವದು.

ಮೊದಲು ಲೆಕ್ಕ

ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು ಖರ್ಚನ್ನು ಎಣಿಸಿಕೊಳ್ಳುವನೆಂಬದಾಗಿ ಕರ್ತನು ಬೋಧಿಸಿದನಷ್ಟೆ. ಮರವನ್ನು ಮುಟ್ಟುವದಕ್ಕೆ ಮುಂಚೆ ಕಾಗದದ ಮೇಲೆ ಅಳತೆಯನ್ನು ಬರೆಯಬೇಕು. ನಮ್ಮ ದೀಪಸ್ತಂಭಕ್ಕೆ ಎರಡೇ ತುಂಡುಗಳು ಸಾಕು. ಪೀಠವು 5 ಅಂಗುಲ ಚೌಕ, ¾ ಅಂಗುಲ ದಪ್ಪ. ಕಂಬವು 1½ ಅಂಗುಲ ಚೌಕ, 5 ಅಂಗುಲ ಉದ್ದ. ಅದರಲ್ಲಿ ಕೆಳಗಿನ 1 ಅಂಗುಲವು ಪೀಠದ ತೂತಿನೊಳಗೆ ಹೋಗುವ ಕೂರಾಗುವದು. (1 ಅಂಗುಲವೆಂದರೆ ಸುಮಾರು 25 ಮಿಲಿಮೀಟರು.) ಮೇಲೆ ನಿಲ್ಲುವ ಕಂಬವು 4 ಅಂಗುಲ, ಪೀಠದ ಅಗಲವು 5 ಅಂಗುಲ. ಪೀಠವು ಕಂಬದ ಎತ್ತರಕ್ಕಿಂತ ಕಿರಿದಾದರೆ ದೀಪಸ್ತಂಭವು ಸ್ವಲ್ಪ ತಗಲಿದರೂ ಉರುಳುವದು.

ಮರವು ಸಾಗುವಾನಿ ಅಥವಾ ಹಲಸು ಆಗಿರಲಿ. ಬಡಗಿಯು ಬಿಸಾಡಿದ ತುಂಡೂ ಹಳೇ ಬಾಗಿಲಿನ ಚೂರೂ ಆಗಬಹುದು. ಆದರೆ ಅದು ಚೆನ್ನಾಗಿ ಒಣಗಿದ್ದು, ಗಂಟೂ ಕುಟ್ಟೆಯೂ ಇಲ್ಲದ ಚೇಗಿನ ಮರವಾಗಿರಬೇಕು. ಹಸೀ ಮರವು ಒಣಗುವಾಗ ಉದ್ದದಲ್ಲಿ ಬಹಳ ಕುಗ್ಗುವದಿಲ್ಲ, ಅಡ್ಡದಲ್ಲಿ ಕುಗ್ಗುವದು. ಆದಕಾರಣ ಇಂದು ಬಿಗಿಯಾಗಿ ಕೂತ ಕಂಬವು ಬೇಸಿಗೆಯಲ್ಲಿ ಸಡಿಲವಾಗಿ ಅಲ್ಲಾಡುವದು.

ಮಾಡುವ ಕ್ರಮ

ಒಂದನೆಯದು. ಪೀಠದ ಒಂದು ಮುಖವನ್ನೂ ಅದಕ್ಕೆ ಸೇರಿದ ಒಂದು ಅಂಚನ್ನೂ ತೋಪಡದಿಂದ ಕೀಸಿ, ಮೂಲೆಮಟ್ಟವನ್ನಿಟ್ಟು ನೋಡಬೇಕು. ಬೆಳಕು ನುಸುಳದಿದ್ದರೆ ಆ ಎರಡಕ್ಕೂ ಸೀಸದ ಕಡ್ಡಿಯಿಂದ ಗುರುತು ಹಾಕಬೇಕು. ಇನ್ನು ಮುಂದೆ ಎಲ್ಲಾ ಅಳತೆಗಳನ್ನೂ ಈ ಎರಡರಿಂದಲೇ ತೆಗೆಯಬೇಕು. ಒಮ್ಮೆ ಇಲ್ಲಿಂದ, ಒಮ್ಮೆ ಅಲ್ಲಿಂದ ಅಳೆದರೆ ಚೌಕವು ಚೌಕವಾಗದು. ಕಂಬಕ್ಕೂ ಹೀಗೆಯೇ ಮಾಡಬೇಕು. ಗರಗಸವನ್ನು ಗೆರೆಯ ಮೇಲೆ ಓಡಿಸದೆ, ಬಿಡುವ ಮರದ ಕಡೆಗೆ ಓಡಿಸಬೇಕು. ಗೆರೆಯು ಉಳಿದರೆ ಕೀಸುವದಕ್ಕೆ ಮರವಿರುವದು.

ಎರಡನೆಯದು. ಕಂಬದ ಮೇಲ್ತುದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಗೆರೆಗಳನ್ನೆಳೆದು ನಡುವನ್ನು ಕಂಡುಕೊಳ್ಳಬೇಕು. ಅಲ್ಲಿ ಬೈರಿಗೆಯಿಂದ 1 ಅಂಗುಲ ಆಳದ ಕುಳಿಯನ್ನು ಕೊರೆಯಬೇಕು. ಕುಳಿಯ ಅಗಲವು ನಿಮ್ಮಲ್ಲಿ ದೊರೆಯುವ ಬತ್ತಿಯ ದಪ್ಪಕ್ಕಿಂತ ತುಸುವೇ ಹೆಚ್ಚಾಗಿರಲಿ. ಒಬ್ಬನು ಕೊರೆಯುವಾಗ ಇನ್ನೊಬ್ಬನು ಎರಡು ಕಡೆಗಳಿಂದ ನೋಡಿ, ಬೈರಿಗೆಯು ನೆಟ್ಟಗಿದೆಯೋ ವಾಲಿದೆಯೋ ಎಂದು ಹೇಳಬೇಕು. ಕೊರೆಯುವವನ ಕಣ್ಣಿಗೆ ತನ್ನ ವಾಲಿಕೆಯು ಕಾಣುವದಿಲ್ಲ.

ಮೂರನೆಯದು. ಕಂಬದ ಕೆಳತುದಿಯಲ್ಲಿ ನಾಲ್ಕು ಕಡೆಗೂ 3/8 ಅಂಗುಲ ಬಿಟ್ಟು, ಗರಗಸದಿಂದ ¾ ಅಂಗುಲ ಚೌಕದ ಕೂರನ್ನು ಕತ್ತರಿಸಬೇಕು. ಪೀಠದ ನಡುವೆ ಅದೇ ಅಳತೆಯ ಚೌಕವನ್ನು ಎರಡು ಮುಖಗಳಲ್ಲಿಯೂ ಬರೆದು, ಸಣ್ಣ ಬೈರಿಗೆಯಿಂದ ನಡುವಿನ ಮರವನ್ನು ತೆಗೆದು, ಉಳಿ ಕೊಡತಿಗಳಿಂದ ಗೆರೆಯ ವರೆಗೆ ಬಿಡಿಸಬೇಕು. ಒಂದು ಮುಖದಿಂದ ಅರ್ಧದ ವರೆಗೆ ಬಿಡಿಸಿ, ತಿರುಗಿಸಿ ಇನ್ನೊಂದು ಮುಖದಿಂದ ಬಿಡಿಸಬೇಕು. ಒಂದೇ ಕಡೆಯಿಂದ ಹೊಡೆದರೆ ಹಿಂದಿನ ಮುಖವು ಚೂರುಚೂರಾಗಿ ಕಿತ್ತು ಬರುವದು. ಉಳಿಯ ಮುಂದೆ ಎಂದಿಗೂ ಕೈಯನ್ನಿಡಬಾರದು.

ನಾಲ್ಕನೆಯದು. ಕೂರಿನ ತುದಿಯಲ್ಲಿ ಗರಗಸದಿಂದ ಒಂದು ಸೀಳನ್ನು ಮಾಡಿ, ಅಂಟು ಸವರಿ, ಪೀಠದೊಳಗೆ ಕೂಡಿಸಿ, ಕೆಳಗಿನಿಂದ ಆ ಸೀಳಿನಲ್ಲಿ ಒಂದು ತೆಳ್ಳನೆಯ ಬೆಣೆಯನ್ನು ಬಡಿಯಬೇಕು. ಆ ಸೀಳು ಪೀಠದ ಮರದ ಎಳೆಗೆ ಅಡ್ಡವಾಗಿರಬೇಕು. ಎಳೆಯ ಉದ್ದಕ್ಕೆ ಇದ್ದರೆ ಬೆಣೆಯು ಪೀಠವನ್ನೇ ಸೀಳುವದು. ಅಂಟು ಒಣಗಿದ ಮೇಲೆ ಕೆಳಗೆ ಚಾಚಿರುವದನ್ನು ಕತ್ತರಿಸಿ ಸಮಮಾಡಬೇಕು.

ಐದನೆಯದು. ಮರವು ಬೆಂಕಿಗೆ ಆಹಾರವೆಂಬದನ್ನು ಮರೆಯಬಾರದು. ಖಾಲಿ ಡಬ್ಬಿಯ ತಗಡಿನಿಂದ 3 ಅಂಗುಲ ಅಗಲದ ಬಿಲ್ಲೆಯನ್ನು ಕತ್ತರಿಸಿ, ನಡುವೆ ಕುಳಿಯಷ್ಟೇ ತೂತು ಮಾಡಿ, ಅಂಚನ್ನು ಅರದಿಂದ ಉಜ್ಜಿ ಸ್ವಲ್ಪ ಮೇಲಕ್ಕೆ ಮಡಿಸಿ, ಕಂಬದ ನೆತ್ತಿಗೆ ಚಿಕ್ಕ ಮೊಳೆಗಳಿಂದ ಬಡಿಯಬೇಕು. ಕರಗಿದ ಮೇಣವು ಅದರಲ್ಲಿ ನಿಲ್ಲುವದು. ಕುಳಿಯ ತಳದಲ್ಲಿಯೂ ತಗಡಿನ ಒಂದು ಚೂರು ಇರಲಿ. ಇಷ್ಟಾದರೂ ಬತ್ತಿಯು ತಗಡಿನಿಂದ 1 ಅಂಗುಲದಷ್ಟು ಉಳಿದಾಗಲೇ ಅದನ್ನು ಆರಿಸಿ ಬದಲಾಯಿಸಬೇಕು. ಉರಿಯುವ ದೀಪವನ್ನು ಬಿಟ್ಟು ಮಲಗಲೂಬಾರದು.

ಕಡೆಯದಾಗಿ ಎಳೆಯ ಉದ್ದಕ್ಕೆ ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಪೂರ್ಣವಾಗಿ ಒಣಗುವ ವರೆಗೆ ಬಿಡಬೇಕು. ಎಣ್ಣೆ ಹೀರಿದ ಚಿಂದಿಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆಯು ಒಣಗುವಾಗ ಬಿಸಿಯಾಗುವದರಿಂದ ಅಂಥಾ ಚಿಂದಿಯು ತಾನಾಗಿ ಹೊತ್ತಿಕೊಳ್ಳುವದುಂಟು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಅದ್ದಿಡಬೇಕು.

ತಂದೆಯ ಪ್ರಶ್ನೆ

ಇಂಥಾ ಕೆಲಸವನ್ನು ಕಲಿಸುವಾಗ ಕೆಲವು ತಂದೆಗಳು ನಮ್ಮ ಬಳಿಗೆ ಬಂದು, “ಅಯ್ಯನವರೇ, ನಾವೂ ನಮ್ಮ ಹಿರಿಯರೂ ಇನ್ನೊಬ್ಬರ ಹೊಲದಲ್ಲಿ ಕೈ ಸವೆಸಿದ್ದು ಸಾಲದೋ? ಮಗನನ್ನು ಅಕ್ಷರ ಕಲಿಯಲಿಕ್ಕೆ ಕಳುಹಿಸಿದೆವು, ಉಳಿ ಹಿಡಿಯಲಿಕ್ಕಲ್ಲ” ಎಂದು ಹೇಳುವದುಂಟು. ಈ ಮಾತನ್ನು ನಾವು ಹಗುರವಾಗಿ ಎಣಿಸುವದಿಲ್ಲ. ತಲೆತಲಾಂತರದಿಂದ ಬಿಟ್ಟಿ ದುಡಿಸಲ್ಪಟ್ಟವರ ನೋವು ಅದರಲ್ಲಿದೆ. ಹುಟ್ಟಿನಿಂದಲೇ ಇವನಿಗೆ ಇಂಥಾ ಕೆಲಸವೆಂದು ನೇಮಿಸಿದವರು ಕೆಲಸವನ್ನೂ ಕೆಲಸದವನನ್ನೂ ಕೂಡಿಸಿಯೇ ಹೀನಮಾಡಿದರು.

ಆದರೆ ಇಲ್ಲಿ ಭೇದವನ್ನು ತಿಳಿಯಬೇಕು. ಹೊರಿಸಲ್ಪಟ್ಟ ಕೆಲಸವು ಒಂದು. ಅಳತೆಯನ್ನೂ ಕಾರಣವನ್ನೂ ತಿಳಿದು ಮಾಡುವ ಕೆಲಸವು ಇನ್ನೊಂದು. ನಜರೇತಿನವರು ನಮ್ಮ ಕರ್ತನನ್ನು ಬಡಗಿಯೆಂದು ಕರೆದದ್ದು ಆತನನ್ನು ತಗ್ಗಿಸುವದಕ್ಕಾಗಿಯೇ (ಮಾರ್ಕ 6:3). ಅಲ್ಲಿರುವ ‘ತೆಕ್ತೋನ್’ ಎಂಬ ಗ್ರೀಕ್ ಶಬ್ದವು ಕಟ್ಟುವ ಕೆಲಸದವನನ್ನು ಸೂಚಿಸುವದು. ದೇವರ ಮಗನು ಆ ಹೆಸರಿಗೆ ನಾಚಲಿಲ್ಲ. ವಿದ್ಯಾವಂತನಾದ ಪೌಲನು ಗುಡಾರಗಳನ್ನು ಮಾಡಿ ಜೀವಿಸಿದನು (ಅ. ಕೃ. 18:3). ಬೆಚಲೇಲನ ವಿಷಯದಲ್ಲಿಯಾದರೋ, ಮರವನ್ನು ಕೆತ್ತುವ ಜಾಣ್ಮೆಯೂ ದೇವರಾತ್ಮನ ವರವೆಂದು ಶಾಸ್ತ್ರವು ಎಣಿಸುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು, ಸ್ನಾನ ಹೊಂದಿದ ಕಾರಣ ಮನೆಯನ್ನೂ ಜೀವನವನ್ನೂ ಕಳಕೊಂಡವರಿಗೆ ನೇಯ್ಗೆ ಮುಂತಾದ ಕೆಲಸಗಳನ್ನು ಒದಗಿಸಿದರು. ಅಲ್ಲಿಯ ಹೆಂಚಿನ ಕಾರ್ಖಾನೆಯನ್ನು ಪ್ಲೆಬ್‌ಸ್ಟರು 1865ರಲ್ಲಿ ಆರಂಭಿಸಿದರು. ಫಿನ್ಲೆಂಡ್ ದೇಶದಲ್ಲಿಯೋ, ಊನೊ ಸಿಗ್ನೇಯಸರ ಪ್ರಯತ್ನದಿಂದ 1866ರಲ್ಲಿ ಕೈಗೆಲಸವು ಹಳ್ಳಿಯ ಶಾಲೆಗಳ ಪಾಠವಾಯಿತು. ಸ್ವೀಡನಿನ ಓಟ್ಟೊ ಸಾಲೊಮೊನರು ನೇಸ್ ಎಂಬಲ್ಲಿ ಅದಕ್ಕಾಗಿ ಉಪಾಧ್ಯಾಯರನ್ನು ಸಿದ್ಧಮಾಡಿದರು. ಮಕ್ಕಳೆಲ್ಲರನ್ನೂ ಬಡಗಿಗಳನ್ನಾಗಿ ಮಾಡುವದು ಅವರ ಉದ್ದೇಶವಾಗಿರಲಿಲ್ಲ. ಗಮನ, ಶುಚಿ, ಶ್ರಮದಲ್ಲಿ ಗೌರವ, ಇವುಗಳನ್ನು ಕಲಿಸುವದೇ ಉದ್ದೇಶವಾಗಿತ್ತು. ಆದಕಾರಣ, ತಂದೆಗಳೇ, ಉಳಿಯು ಪುಸ್ತಕವನ್ನು ಕಸಕೊಳ್ಳುವದೆಂದು ಭಯಪಡಬೇಡಿರಿ. ಪುಸ್ತಕದ ಪಾಠವನ್ನು ಕಡಿಮೆಮಾಡಿ ಬಡವರ ಮಕ್ಕಳಿಗೆ ಮಾತ್ರ ಉಳಿಯನ್ನು ಕೊಡುವ ಶಾಲೆಯಿದ್ದರೆ, ಅದಕ್ಕೆ ನೀವು ಒಪ್ಪಬೇಕಾಗಿಲ್ಲ.

ಮುಚ್ಚಿದ ಬಿರುಕು

ಇನ್ನೊಂದು ಮಾತಿದೆ. ಕುಳಿಯನ್ನು ಕೊರೆಯುವಾಗ ಕಂಬದ ಬಾಯಿ ಬಿರಿಯುವದುಂಟು. ಆಗ ಮರದ ಹೊಟ್ಟನ್ನೂ ಮೇಣವನ್ನೂ ಕಲಸಿ ತುಂಬಿ ಎಣ್ಣೆ ಸವರಿದರೆ ಉಪಾಧ್ಯಾಯನ ಕಣ್ಣಿಗೂ ಕಾಣದೆ ಹೋಗಬಹುದು. ಆದರೆ ದೀಪವನ್ನು ಹಚ್ಚಿದ ದಿವಸ ಬಿಸಿಗೆ ಆ ಮೇಣವು ಕರಗಿ ಬಿರುಕು ಹೊರಬೀಳುವದು. ಯಾವ ಬೆಳಕನ್ನು ಹೊರುವದಕ್ಕಾಗಿ ಅದನ್ನು ಮಾಡಿದರೋ ಆ ಬೆಳಕೇ ಅದರ ಕಪಟವನ್ನು ತೋರಿಸುವದು. ನಮ್ಮ ನಡತೆಯೂ ಹಾಗೆಯೇ. ಬಿರಿದ ಕಂಬವನ್ನು ಪಕ್ಕಕ್ಕಿಟ್ಟು ಹೊಸದನ್ನು ತೆಗೆದುಕೊಳ್ಳುವದರಿಂದ ಹುಡುಗನಿಗೆ ಒಂದು ದಿವಸದ ಕೆಲಸವು ನಷ್ಟವಾಗುವದು, ಸತ್ಯವು ಲಾಭವಾಗುವದು. ಉಪಾಧ್ಯಾಯರು ತಪ್ಪನ್ನು ತಾನಾಗಿ ತಂದು ತೋರಿಸಿದ ಮಗುವನ್ನು ಹೊಡೆಯದಿರಲಿ. ಹೊಡೆದರೆ ಮುಚ್ಚುವದನ್ನು ಅವರೇ ಕಲಿಸಿದಂತಾಗುವದು.

ಕರ್ತನ ಕಾಲದಲ್ಲಿ ದೀಪವೆಂದರೆ ಎಣ್ಣೆ ತುಂಬಿದ ಮಣ್ಣಿನ ಹಣತೆ. ಅದನ್ನು ಎತ್ತರದಲ್ಲಿಟ್ಟರೆ ಒಂದೇ ಕೋಣೆಯ ಮನೆಯಲ್ಲಿದ್ದವರೆಲ್ಲರಿಗೂ ಬೆಳಕಾಗುತ್ತಿತ್ತು. ದೀಪಸ್ತಂಭವು ತಾನು ಬೆಳಗುವದಿಲ್ಲ. ಬೆಳಕನ್ನು ನೆಟ್ಟಗೆ, ಅಲುಗದೆ ಎತ್ತಿ ಹಿಡಿಯುವದಷ್ಟೇ ಅದರ ಕೆಲಸ. ನಮ್ಮ ಚಿಕ್ಕ ಸಭೆಗಳಿಗೂ ಇದೇ ಕೆಲಸವು ಕೊಡಲ್ಪಟ್ಟಿದೆ. ಈ ವರುಷ ಕ್ರಿಸ್ಮಸಿನ ಹಿಂದಿನ ರಾತ್ರಿಯ ಆರಾಧನೆಗೆ ನಿಮ್ಮ ಮಕ್ಕಳು ಮಾಡಿದ ದೀಪಸ್ತಂಭಗಳನ್ನೇ ಮೇಜಿನ ಮೇಲೆ ಇಡಿರಿ. ಅವುಗಳಲ್ಲಿ ಒಂದನ್ನು ನೆರೆಮನೆಯವರಿಗೂ ಕೊಡಿರಿ.

ಆಲೋಚಿಸತಕ್ಕ ಪ್ರಶ್ನೆಗಳು

1. ಎಲ್ಲಾ ಅಳತೆಗಳನ್ನು ಗುರುತಿಟ್ಟ ಒಂದೇ ಮುಖ ಮತ್ತು ಅಂಚಿನಿಂದ ತೆಗೆಯಬೇಕಾದದ್ದು ಯಾಕೆ? ನಮ್ಮ ನಡತೆಗೆ ಅಂಥಾ ಗುರುತು ಯಾವದು?
2. ಹೊರಿಸಲ್ಪಟ್ಟ ಕೆಲಸಕ್ಕೂ ತಿಳಿದು ಮಾಡುವ ಕೆಲಸಕ್ಕೂ ಇರುವ ಭೇದವೇನು?
3. ನಮ್ಮ ಮನೆಯಲ್ಲಿ ಮೇಣದಿಂದ ಮುಚ್ಚಿದ ಬಿರುಕು ಯಾವದಾದರೂ ಉಂಟೋ?