ಹೊಳೆ ಶುಚಿಗೊಳಿಸಲು ಇಳಿಯುವ ಮುನ್ನ

ಮಂಗಳೂರಿನ ನಲ್ಲಿಗಳಲ್ಲಿ ಬರುವುದು ನೇತ್ರಾವತಿಯ ನೀರು. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಅದನ್ನು ತಡೆದು, ಶುದ್ಧೀಕರಿಸಿ ನಗರಕ್ಕೆ ಕೊಡುತ್ತಾರೆ. ನಾವು ಕುಡಿಯುವುದೂ ವುಝೂ ಮಾಡುವುದೂ ಅದೇ ನೀರಿನಲ್ಲಿ. ಆದರೂ ಸೇತುವೆಯ ಮೇಲಿಂದ ಕಸದ ಚೀಲ ಎಸೆಯುವವರಿದ್ದಾರೆ.

ನೀರಿನ ಮೂಲಗಳ ಬಳಿ, ದಾರಿಯಲ್ಲಿ ಮತ್ತು ಜನರು ತಂಗುವ ನೆರಳಿನಲ್ಲಿ ಹೊಲಸು ಮಾಡುವುದನ್ನು ಪ್ರವಾದಿಯವರು(ಸ) ಕಟ್ಟುನಿಟ್ಟಾಗಿ ತಡೆದಿದ್ದಾರೆ. ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನಿನ ಒಂದು ಶಾಖೆಯೆಂದು ಕಲಿಸಿದ್ದಾರೆ. ಯುನಾನಿ ವೈದ್ಯಶಾಸ್ತ್ರವೂ ಆರೋಗ್ಯದ ಆರು ಅವಶ್ಯಕ ಅಂಶಗಳಲ್ಲಿ ಗಾಳಿಯನ್ನೂ ಆಹಾರ–ಪಾನೀಯವನ್ನೂ ಮೊದಲು ಹೇಳುತ್ತದೆ. ಆದ್ದರಿಂದ ನಿಮ್ಮ ಜಮಾಅತಿನ ಯುವಕರು ಹೊಳೆ ಬದಿ ಶುಚಿಗೊಳಿಸಲು ಹೊರಟರೆ ಖಂಡಿತ ಕೈಜೋಡಿಸಿ. ಆದರೆ ಬರಿಗಾಲು, ಬರಿಗೈಯಲ್ಲಿ ಇಳಿಯಬೇಡಿ.

ಇಲಿಜ್ವರದ ಎಚ್ಚರ

ಇಲಿ, ಹೆಗ್ಗಣ, ಜಾನುವಾರುಗಳ ಮೂತ್ರದ ಮೂಲಕ ನೀರು ಮತ್ತು ಕೆಸರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ ಇಲಿಜ್ವರ ಬರುತ್ತದೆ. ಕಾಲಿನ ಸಣ್ಣ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ಕಣ್ಣು, ಬಾಯಿಗಳ ಮೂಲಕ ಅದು ದೇಹ ಸೇರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಈ ಜ್ವರ ಹೊಸದಲ್ಲ.

ರೋಗಲಕ್ಷಣ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಕಾಣಿಸುತ್ತದೆ, ಕೆಲವೊಮ್ಮೆ ಒಂದು ತಿಂಗಳವರೆಗೂ ತಡವಾಗಬಹುದು. ಹಠಾತ್ ಜ್ವರ, ತಲೆನೋವು, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಮುಖ್ಯ ಲಕ್ಷಣಗಳು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಯಕೃತ್ತು, ಮೂತ್ರಪಿಂಡಗಳಿಗೆ ಅಪಾಯ ಬಂದಿದೆ ಎಂದರ್ಥ.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಇದು ಜೋಶಾಂದಾ ಕುಡಿದು ಮನೆಯಲ್ಲಿ ಕಾಯುವ ಜ್ವರವಲ್ಲ. ಬೇಗ ಆಸ್ಪತ್ರೆಗೆ ಹೋದರೆ ಆ್ಯಂಟಿಬಯಾಟಿಕ್‌ನಿಂದ ಗುಣವಾಗುತ್ತದೆ, ತಡಮಾಡಿದರೆ ಪ್ರಾಣಕ್ಕೇ ಕುತ್ತು. ಹೊಳೆಗೆ ಇಳಿದಿದ್ದ ವಿಷಯವನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಹೊರಡುವ ಮುನ್ನ

* ಮಳೆಗಾಲದಲ್ಲಿ ಬೇಡ. ನೀರು ಇಳಿದು ದಡ ಒಣಗಿದ ತಿಂಗಳುಗಳು ಒಳ್ಳೆಯದು. ಉಳ್ಳಾಲದ ಕಡೆ ಅಳಿವೆ ಸಮೀಪವಾದರೆ ಉಬ್ಬರ–ಇಳಿತದ ಸಮಯ ಕೇಳಿಕೊಳ್ಳಿ.
* ಗಮ್‌ಬೂಟು, ದಪ್ಪ ರಬ್ಬರ್ ಗ್ಲೌಸು, ಉದ್ದನೆಯ ಇಕ್ಕಳ ಇರಲಿ. ಗಾಯವಿದ್ದವರು, ಮಧುಮೇಹಿಗಳು, ಗರ್ಭಿಣಿಯರು, ಚಿಕ್ಕ ಮಕ್ಕಳು ನೀರಿಗೆ ಇಳಿಯದೆ ದಡದ ಮೇಲಿನ ಇತರ ಕೆಲಸ ಮಾಡಲಿ.
* ಟೆಟನಸ್ ಚುಚ್ಚುಮದ್ದು ಯಾವಾಗ ತೆಗೆದುಕೊಂಡಿರಿ ಎಂದು ನೋಡಿಕೊಳ್ಳಿ. ಇಲಿಜ್ವರ ತಡೆಯುವ ಮಾತ್ರೆ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ.
* ಕಸ ಒಯ್ಯುವ ವಾಹನದ ಬಗ್ಗೆ ಪಂಚಾಯತ್ ಅಥವಾ ನಗರಾಡಳಿತದ ಜೊತೆ ಮೊದಲೇ ಮಾತಾಡಿ. ದಡದಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೆ ಎಲ್ಲವೂ ಮತ್ತೆ ಹೊಳೆಗೇ. ಪ್ಲಾಸ್ಟಿಕ್ ಸುಡುವುದಂತೂ ಬೇಡ, ಅದರ ಹೊಗೆ ವಿಷ.

ಕೆಲಸದ ನಡುವೆ ಮತ್ತು ನಂತರ

ಸಿರಿಂಜು, ಒಡೆದ ಗಾಜು ಸಿಕ್ಕರೆ ಇಕ್ಕಳದಿಂದ ಎತ್ತಿ ಗಟ್ಟಿ ಡಬ್ಬಿಗೆ ಹಾಕಿ. ಸತ್ತ ಪ್ರಾಣಿಗಳನ್ನು ಪೌರಾಡಳಿತದ ಸಿಬ್ಬಂದಿಗೆ ಬಿಡಿ. ಕೈ ತೊಳೆಯದೆ ಚಹಾ–ತಿಂಡಿ ಮುಟ್ಟಬೇಡಿ. ಹೊಳೆಯ ನೀರಿನಿಂದ ಮುಖ ತೊಳೆಯಬೇಡಿ. ಮನೆಗೆ ಬಂದ ಕೂಡಲೇ ಸಾಬೂನು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ತೊಳೆಯಿರಿ. ಮುಂದಿನ ಒಂದು ತಿಂಗಳು ಜ್ವರದ ಬಗ್ಗೆ ನಿಗಾ ಇರಲಿ.

ಶುಚಿತ್ವದ ಮೊದಲ ಕೆಲಸ ಮನೆಯಲ್ಲಿ

ಒಂದು ದಿನ ಕಸ ಹೆಕ್ಕಿ, ಮರುದಿನ ಮಗುವಿನ ಡೈಪರನ್ನು ಹೊಳೆಗೆ ಎಸೆದರೆ ಏನು ಪ್ರಯೋಜನ? ಬಕ್ರೀದ್‌ನಲ್ಲಿ ಖುರ್ಬಾನಿಯ ತ್ಯಾಜ್ಯವನ್ನು ಬಾವಿ, ಹೊಳೆಗಳಿಂದ ದೂರ ಆಳವಾದ ಗುಂಡಿಯಲ್ಲಿ ಹೂಳಿ ಅಥವಾ ಸ್ಥಳೀಯಾಡಳಿತದ ವ್ಯವಸ್ಥೆಗೆ ಒಪ್ಪಿಸಿ. ಉಳಿದ ಮಾತ್ರೆ, ಔಷಧಗಳನ್ನೂ ನೀರಿಗೆ ಸುರಿಯಬೇಡಿ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಅದರಲ್ಲಿ ಬೆರೆತ ರಾಸಾಯನಿಕ ಹೋಗುವುದಿಲ್ಲ.

ಹರಿಯುವ ಹೊಳೆಯ ಬಳಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿತ ಸಮುದಾಯ ನಮ್ಮದು. ಆ ಹೊಳೆಗೆ ಕಸ ಬೀಳದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ.